ಅಣ್ಣನ ಮಕ್ಕಳ ದುಡ್ಡು, ನನ್ನ ಅಕೌಂಟು

ಈ ಅಂಕಣದಲ್ಲಿ ಸಾಮಾನ್ಯವಾಗಿ ನಾನು ಬರೆಯೋದು ಇಎಂಐ, ಅಪ್ರೈಸಲ್, ಬಾಡಿಗೆ ಮನೆ ಓನರ್‌ಗಳ ಬಗ್ಗೆ. ಈ ಸಲ ಸ್ವಲ್ಪ ಮನೆ ಒಳಗಿನ ವಿಷಯ. ಬರೆಯಬೇಕಾ ಬೇಡವಾ ಅಂತ ಎರಡು ತಿಂಗಳು ಯೋಚನೆ ಮಾಡಿದೆ. ಭಾಭಿಯನ್ನೂ ಕೇಳಿದೆ. "ಹೆಸರು ಹಾಕಬೇಡಿ, ಉಳಿದದ್ದು ಬರೀರಿ, ಇನ್ನೊಬ್ಬರಿಗಾದ್ರೂ ಉಪಯೋಗ ಆಗ್ಲಿ" ಅಂದ್ರು. ಹಾಗಾಗಿ ಬರೆಯುತ್ತಿದ್ದೇನೆ.

ಹೋದ ರಮ್ಜಾನಿನ ಎರಡನೇ ವಾರ. ಆಫೀಸು ಮುಗಿಸಿ ಮೆಟ್ರೋದಲ್ಲಿ ನಿಂತುಕೊಂಡು ವಾಟ್ಸಾಪ್ ನೋಡ್ತಿದ್ದೆ. ಕಾಲೇಜು ಗೆಳೆಯರ ಗ್ರೂಪಿನಲ್ಲಿ ಒಂದು ಫಾರ್ವರ್ಡ್. ಒಬ್ಬ ಯತೀಮ್ ಮಗುವಿನ ಖರ್ಚು ವಹಿಸಿಕೊಳ್ಳಿ, ತಿಂಗಳಿಗೆ ಎರಡು ಸಾವಿರ ರೂಪಾಯಿ, ಊಟ, ಬಟ್ಟೆ, ಸ್ಕೂಲು ಎಲ್ಲ ಸೇರಿ. ಕೆಳಗೆ ಲಿಂಕು. ಮುಂದಿನ ಸ್ಟೇಷನ್ ಬರೋದರೊಳಗೆ ಯುಪಿಐ ಆಟೋಪೇ ಹಾಕಿಬಿಟ್ಟೆ. "ಜಝಾಕಲ್ಲಾಹ್" ಅಂತ ಮೆಸೇಜ್ ಬಂತು. ಮನಸ್ಸಿಗೆ ಹಾಯೆನಿಸಿತು. ಇಷ್ಟು ಸುಲಭವಾಗಿ ಒಂದು ಒಳ್ಳೇ ಕೆಲಸ ಆಗಿಹೋಯ್ತಲ್ಲ ಅಂತ.

ಅವತ್ತು ರಾತ್ರಿ ತರಾವೀಹ್ ನಮಾಜ್ ಮುಗಿಸಿಕೊಂಡು ಬಂದು ಲ್ಯಾಪ್‌ಟಾಪ್ ತೆಗೆದೆ. ಪ್ರತಿ ರಮ್ಜಾನಿನಲ್ಲೂ ನಾನು ಝಕಾತ್ ಲೆಕ್ಕ ಹಾಕೋದು ಎಕ್ಸೆಲ್ ಶೀಟಿನಲ್ಲಿ. ಗೊತ್ತಿಲ್ಲದವರಿಗೆ ಹೇಳೋದಾದರೆ, ಒಂದು ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ವರ್ಷ ನಿಮ್ಮ ಬಳಿ ಇದ್ದರೆ ಅದರಲ್ಲಿ ಶೇಕಡ 2.5 ಬಡವರಿಗೆ ಕೊಡಲೇಬೇಕು. ಅದೇ ಝಕಾತ್. ಸ್ಯಾಲರಿ ಅಕೌಂಟು, ಮ್ಯೂಚುವಲ್ ಫಂಡು, ಹೆಂಡತಿಯ ಚಿನ್ನ, ಹೀಗೆ ಒಂದೊಂದು ಸಾಲು. ಹನ್ನೊಂದನೇ ಸಾಲಿಗೆ ಬಂದಾಗ ಕೈ ನಿಂತಿತು. ಎರಡನೇ ಬ್ಯಾಂಕ್ ಅಕೌಂಟು: 4,70,000.

ಈ ದುಡ್ಡು ನನ್ನದಾ? ನನ್ನದಾದರೆ ಇದಕ್ಕೆ 11,750 ರೂಪಾಯಿ ಝಕಾತ್ ಕಟ್ಟಬೇಕು. ನನ್ನದಲ್ಲದಿದ್ದರೆ ಇದು ನನ್ನ ಅಕೌಂಟಿನಲ್ಲಿ ಏನು ಮಾಡ್ತಿದೆ?

ಅಂಗಡಿ ಮುಚ್ಚಿದ ದುಡ್ಡು

ಮೂರು ವರ್ಷದ ಹಿಂದೆ ನನ್ನ ಅಣ್ಣ ತೀರಿಕೊಂಡ. ಮೂವತ್ತನಾಲ್ಕು ವರ್ಷ. ಅರಸೀಕೆರೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ಶಟರ್ ಎತ್ತುವಾಗ ಎದೆನೋವು ಅಂದನಂತೆ, ಆಸ್ಪತ್ರೆ ಮುಟ್ಟೋಷ್ಟರಲ್ಲಿ ಮುಗಿದಿತ್ತು. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ನಾನು ಇಂಜಿನಿಯರಿಂಗ್ ಸೇರಿದಾಗ ಮೊದಲ ವರ್ಷದ ಹಾಸ್ಟೆಲ್ ಫೀಸು ಕಟ್ಟಿದವನು ಅವನೇ. ಆಗ ಅವನಿನ್ನೂ ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕಿದ್ದ.

ನಲವತ್ತು ದಿನ ಕಳೆದ ಮೇಲೆ ಅಂಗಡಿ ಮುಚ್ಚುವ ಕೆಲಸ ನನ್ನ ತಲೆಗೆ ಬಂತು. ಸ್ಟಾಕ್ ಮಾರಿದ್ದು, ಅಂಗಡಿಯ ಅಡ್ವಾನ್ಸ್ ವಾಪಸ್ ಬಂದದ್ದು, ಊರಿನವರಿಂದ ಬರಬೇಕಿದ್ದ ಬಾಕಿ ವಸೂಲಿ ಮಾಡಿದ್ದು, ಡೀಲರ್‌ಗೆ ಕೊಡಬೇಕಿದ್ದದ್ದು ಕೊಟ್ಟದ್ದು. ಎಲ್ಲ ಕಳೆದು ಉಳಿದದ್ದು 7,20,000 ರೂಪಾಯಿ. "ನೀನು ಓದಿದವನು, ನಿನ್ನ ಅಕೌಂಟಿನಲ್ಲೇ ಇರಲಿ" ಅಂದರು ಅಬ್ಬಾ. ಭಾಭಿ ಏನೂ ಹೇಳಲಿಲ್ಲ. ಇದ್ದತ್‌ನಲ್ಲಿದ್ದರು, ಗೋಡೆ ನೋಡಿಕೊಂಡು ಕೂತಿರುತ್ತಿದ್ದರು.

ಅಂದಿನಿಂದ ತಿಂಗಳಿಗೆ 6,000 ರೂಪಾಯಿ ಭಾಭಿಗೆ ಕಳಿಸುತ್ತಾ ಬಂದೆ, ನನ್ನ ಸಂಬಳದಿಂದ. ಪ್ರತಿ ತಿಂಗಳೂ ಅವರಿಂದ ಒಂದು ವಾಯ್ಸ್ ಮೆಸೇಜ್: "ಬಂತು ಭಾಯಿ, ಅಲ್ಲಾಹ್ ನಿಮಗೆ ಬರ್ಕತ್ ಕೊಡಲಿ." ಒಂದು ಸಲ ಜೂನ್‌ನಲ್ಲಿ ಸ್ಕೂಲ್ ಫೀಸಿಗೆ ಸ್ವಲ್ಪ ಹೆಚ್ಚು ಬೇಕಿತ್ತು ಅಂತ ತಡವರಿಸುತ್ತಾ ಕೇಳಿದ್ದರು. "ಅಯ್ಯೋ ಅದಕ್ಕೇನಂತೆ" ಅಂತ ಹತ್ತು ಸಾವಿರ ಕಳಿಸಿದ್ದೆ. ನಾನು ದೊಡ್ಡ ಮನಸ್ಸಿನವನು ಅಂತ ನನಗೇ ಅನ್ನಿಸಿತ್ತು.

ಹೋದ ವರ್ಷ ಇಲ್ಲೊಂದು ಫ್ಲಾಟ್ ಬುಕ್ ಮಾಡಿದೆವು. ಡೌನ್ ಪೇಮೆಂಟಿಗೆ ಎರಡೂವರೆ ಲಕ್ಷ ಕಮ್ಮಿ ಬಿತ್ತು. ಆ ಅಕೌಂಟಿನಿಂದ ತೆಗೆದೆ. ಆರು ತಿಂಗಳಲ್ಲಿ ಬೋನಸ್ ಬರುತ್ತೆ, ವಾಪಸ್ ಹಾಕಿದರಾಯ್ತು, ದುಡ್ಡು ಸುಮ್ಮನೆ ಕೊಳೀತಾನೇ ಇತ್ತಲ್ಲ ಅಂದುಕೊಂಡೆ. ಬೋನಸ್ ಬಂತು. ಮಾಡ್ಯುಲರ್ ಕಿಚನ್‌ಗೆ ಹೋಯ್ತು.

ಹನ್ನೊಂದನೇ ಸಾಲಿನಲ್ಲಿ ಏಳು ಲಕ್ಷದ ಇಪ್ಪತ್ತು ಸಾವಿರದ ಬದಲು ನಾಲ್ಕು ಲಕ್ಷದ ಎಪ್ಪತ್ತು ಸಾವಿರ ಇದ್ದದ್ದು ಹಾಗೆ.

ಯತೀಮ್ ಅಂದರೆ ಯಾರು?

ಇಲ್ಲೊಂದು ಮಾತು ಹೇಳಬೇಕು. ಅಷ್ಟು ದಿನ ಅಣ್ಣನ ಮಕ್ಕಳನ್ನು ನಾನು "ಯತೀಮ್" ಅಂತ ಯೋಚಿಸಿರಲೇ ಇಲ್ಲ. ಅನಾಥ ಅಂದರೆ ಯಾರೂ ಇಲ್ಲದವರು, ಅನಾಥಾಲಯದಲ್ಲಿ ಇರುವವರು ಅಂತ ತಲೆಯಲ್ಲಿ ಕೂತಿತ್ತು. ಇವರಿಗೆ ತಾಯಿ ಇದ್ದಾರೆ, ಅಜ್ಜ ಅಜ್ಜಿ ಇದ್ದಾರೆ, ನಾನಿದ್ದೇನೆ.

ಆದರೆ ಇಸ್ಲಾಮಿನ ಲೆಕ್ಕದಲ್ಲಿ ಯತೀಮ್ ಅಂದರೆ ಪ್ರಾಯಕ್ಕೆ ಬರುವ ಮೊದಲು ತಂದೆಯನ್ನು ಕಳೆದುಕೊಂಡ ಮಗು. ತಾಯಿ ಬದುಕಿದ್ದರೂ ಅದು ಯತೀಮೇ. ಅರಬ್ಬಿ ಭಾಷೆಯಲ್ಲಿ ಪ್ರಾಣಿಗಳ ಮಟ್ಟಿಗೆ ಇದು ಉಲ್ಟಾ. ಅಲ್ಲಿ ತಾಯಿಯನ್ನು ಕಳೆದುಕೊಂಡ ಮರಿ ಯತೀಮ್. ಗೋವಿನ ಹಾಡು ಕೇಳಿ ಬೆಳೆದ ನಮಗೆ ತಬ್ಬಲಿ ಅಂದ ಕೂಡಲೇ ಕರು ನೆನಪಾಗುತ್ತದಲ್ಲ, ಹಾಗೆ. ಮನುಷ್ಯರ ಮಟ್ಟಿಗೆ ತಂದೆಯನ್ನು ಯಾಕೆ ಲೆಕ್ಕಕ್ಕೆ ಹಿಡಿದರು? ದುಡಿದು ಹಾಕುವವನು, ಆಸ್ತಿ ಕಾಯುವವನು, ಜಗಳ ಬಂದರೆ ಪರವಾಗಿ ನಿಲ್ಲುವವನು ಹೋದ ಮೇಲೆ ಆ ಮನೆಯ ಮೇಲೆ ಮೊದಲು ಕೈ ಹಾಕುವವರು ನೆಂಟರೇ. ಅಂದಿನ ಮಕ್ಕಾದಲ್ಲಿ ಆಗುತ್ತಿದ್ದದ್ದು ಅದೇ.

ಪ್ರವಾದಿ ಮುಹಮ್ಮದರು (ಸ) ಸ್ವತಃ ಯತೀಮ್ ಆಗಿದ್ದವರು. ಹುಟ್ಟುವ ಮೊದಲೇ ತಂದೆ ಅಬ್ದುಲ್ಲಾ ಹೋದರು. ಆರು ವರ್ಷಕ್ಕೆ ತಾಯಿ ಆಮಿನಾ, ಮದೀನಾದಿಂದ ವಾಪಸ್ ಬರುವ ದಾರಿಯಲ್ಲಿ ಅಬ್ವಾ ಎಂಬ ಊರಿನಲ್ಲಿ. ಎಂಟು ವರ್ಷಕ್ಕೆ ಅಜ್ಜ ಅಬ್ದುಲ್ ಮುತ್ತಲಿಬ್. ಆಮೇಲೆ ಸಾಕಿದ್ದು ಚಿಕ್ಕಪ್ಪ, ದೊಡ್ಡಪ್ಪಂದಿರ ಪೈಕಿ ಅಬೂ ತಾಲಿಬ್. ಅವರೇನೂ ಶ್ರೀಮಂತರಲ್ಲ, ಮನೆ ತುಂಬ ಮಕ್ಕಳಿದ್ದವರು. ಕುರ್‌ಆನಿನ ಅದ್ದುಹಾ ಅಧ್ಯಾಯ ಪ್ರವಾದಿಗೆ ಈ ಬಾಲ್ಯವನ್ನೇ ನೆನಪಿಸಿ, ಯತೀಮರ ಮೇಲೆ ದರ್ಪ ಮಾಡಬೇಡ ಅನ್ನುತ್ತದೆ. ಯತೀಮರನ್ನು ನೋಡಿಕೊಳ್ಳುವವನು ಸ್ವರ್ಗದಲ್ಲಿ ನನ್ನ ಜೊತೆ ಹೀಗಿರುತ್ತಾನೆ ಅಂತ ಪ್ರವಾದಿ ತೋರುಬೆರಳು, ನಡುಬೆರಳು ಎರಡನ್ನೂ ಎತ್ತಿ ತೋರಿಸಿದರು ಅನ್ನುವ ಹದೀಸ್ ಬುಖಾರಿಯಲ್ಲಿದೆ. ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ ಇರುವ ಮಾತು. ಆ ಫಾರ್ವರ್ಡಿನ ಪೋಸ್ಟರ್ ಮೇಲೂ ಅದೇ ಎರಡು ಬೆರಳಿನ ಚಿತ್ರ ಇತ್ತು.

ಅಲ್ ಬಲದ್ ಅಧ್ಯಾಯ ಇನ್ನೂ ಒಂದು ಹೆಜ್ಜೆ ಹತ್ತಿರ ಬರುತ್ತದೆ. ಕಷ್ಟದ ಏರುದಾರಿ ಯಾವುದು ಅಂತ ಹೇಳುತ್ತಾ, ಹತ್ತಿರದ ನೆಂಟಸ್ತಿಕೆಯ ಯತೀಮರಿಗೆ ಉಣಿಸೋದು ಅಂತ ಬಿಡಿಸಿ ಹೇಳುತ್ತದೆ. ದೂರದ ಊರಿನ ಗೊತ್ತಿಲ್ಲದ ಮಗುವಿಗೆ ಕಳಿಸೋದು ನನಗೆ ಒಂದು ಕ್ಲಿಕ್ಕು. ಹತ್ತಿರದ ಮಗುವಿನ ದಾರಿ ಯಾಕೆ ಏರುದಾರಿ ಅನ್ನೋದು ಆವತ್ತು ಅರ್ಥ ಆಯ್ತು. ಹತ್ತಿರದ ಮಗುವಿನ ಜೊತೆ ಲೆಕ್ಕಪತ್ರ ಇರುತ್ತೆ.

ಇಪ್ಪತ್ತನಾಲ್ಕು ಭಾಗ

ಆ ಭಾನುವಾರ ಅರಸೀಕೆರೆಗೆ ಹೋದೆ. ಮನೆಗೆ ಹೋಗುವ ಮೊದಲು ಮಸೀದಿಯ ಹಳೇ ಇಮಾಮರ ಹತ್ತಿರ ಹೋಗಿ ಎಲ್ಲ ಹೇಳಿದೆ, ಫ್ಲಾಟಿನ ವಿಷಯ ಬಿಟ್ಟು. ಅವರು ಹಳೇ ಮದುವೆ ಕಾರ್ಡ್ ಒಂದರ ಹಿಂಬದಿ ತಿರುಗಿಸಿ ಪೆನ್ನು ತೆಗೆದರು.

"ಮಣ್ಣಿನ ಖರ್ಚು ಆಯ್ತಾ? ಸಾಲ ಎಲ್ಲ ತೀರಿತಾ?"

"ಆಯ್ತು ಹಜ್ರತ್."

"ಮೆಹರ್? ಹೆಂಡತಿಯ ಮೆಹರ್ ಬಾಕಿ ಇದ್ರೆ ಅದೂ ಸಾಲವೇ. ಅದನ್ನ ಮೊದಲು ಕೊಡಬೇಕು."

ಮದುವೆ ದಿನವೇ ಕೊಟ್ಟಿದ್ದ ಅಂದೆ. ಸರಿ ಅಂತ 7,20,000 ಬರೆದು ಇಪ್ಪತ್ತನಾಲ್ಕರಿಂದ ಭಾಗಿಸಿದರು. ಒಂದು ಭಾಗ 30,000. ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು ಪಾಲು, ಮೂರು ಭಾಗ, 90,000. ತಾಯಿಗೆ ಆರನೇ ಒಂದು, ನಾಲ್ಕು ಭಾಗ, 1,20,000. ತಂದೆಗೂ ಅಷ್ಟೇ, 1,20,000. ಉಳಿದ ಹದಿಮೂರು ಭಾಗ ಮಕ್ಕಳದು, 3,90,000. ಅದರಲ್ಲಿ ಮಗನಿಗೆ 2,60,000, ಮಗಳಿಗೆ 1,30,000.

"ನನ್ನದು?" ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು. "ತಂದೆ, ಮಗ ಇರುವಾಗ ತಮ್ಮನಿಗೆ ಏನೂ ಇಲ್ಲ ಬೇಟಾ. ನಿನ್ನ ಪಾಲು ಸೊನ್ನೆ."

ಎರಡೂವರೆ ವರ್ಷ ನನ್ನ ಅಕೌಂಟಿನಲ್ಲಿ ಇದ್ದ ದುಡ್ಡಿನಲ್ಲಿ ಒಂದು ರೂಪಾಯಿಯೂ ನನ್ನದಲ್ಲ. ತಲೆಯಲ್ಲಿ ಇನ್ನೊಂದು ಲೆಕ್ಕ ಓಡಿತು. ಭಾಭಿ ಜೂನ್‌ನಲ್ಲಿ ತಡವರಿಸುತ್ತಾ ಹತ್ತು ಸಾವಿರ ಕೇಳಿದಾಗ, ಅವರದ್ದೇ 90,000 ನನ್ನ ಬಳಿ ಇತ್ತು. ನಾನು ಅವರ ದುವಾ ತಗೊಂಡು ಖುಷಿಪಟ್ಟಿದ್ದೆ.

ಆಮೇಲೆ ಫ್ಲಾಟಿನ ವಿಷಯವನ್ನೂ ಹೇಳಿದೆ. ಹೇಳಿ, ಇಂಜಿನಿಯರ್ ಬುದ್ಧಿ ನೋಡಿ, ಒಂದು ಪ್ರಶ್ನೆ ಕೇಳಿದೆ. "ಇಷ್ಟು ದಿನ ತಿಂಗಳಿಗೆ ಆರು ಸಾವಿರ ಕಳಿಸಿದ್ದೀನಲ್ಲ ಹಜ್ರತ್, ಅದನ್ನ ಇದರಲ್ಲಿ ಅಡ್ಜಸ್ಟ್ ಮಾಡಬಹುದಾ?"

ಅವರು ಪೆನ್ನು ಕೆಳಗಿಟ್ಟರು. "ಕಳಿಸುವಾಗ ಏನಂತ ಹೇಳಿ ಕಳಿಸಿದ್ರಿ? ಅವರ ದುಡ್ಡು ಅಂತಾನಾ, ನಿಮ್ಮ ದುಡ್ಡು ಅಂತಾನಾ?"

"ನನ್ನ ಕಡೆಯಿಂದ ಅಂತ."

"ಹಾಗಾದ್ರೆ ಅದು ಕೊಟ್ಟಾಯ್ತು. ಇವತ್ತು ಅದನ್ನ ಸಾಲ ಅಂತ ಬರೆಯೋಕಾಗಲ್ಲ."

ನಂತರ ಅವರು ಒಂದು ಸಂಗತಿ ಹೇಳಿದರು. ಮದೀನಾದ ಪ್ರವಾದಿ ಮಸೀದಿ ಇದೆಯಲ್ಲ, ಹಜ್‌ಗೆ ಹೋದವರೆಲ್ಲ ನೋಡಿ ಬರುವ ಮಸೀದಿ, ಅದರ ಮೂಲ ಜಾಗ ಖರ್ಜೂರ ಒಣಗಿಸುವ ಕಣ. ಸಹ್ಲ್, ಸುಹೈಲ್ ಎಂಬ ಇಬ್ಬರು ಯತೀಮ್ ಹುಡುಗರದ್ದು. ಮಸೀದಿಗೆ ತಾನೇ, ಸುಮ್ಮನೆ ತಗೊಳ್ಳಿ ಅಂತ ಆ ಹುಡುಗರು ಅಂದರು. ಪ್ರವಾದಿ ಒಪ್ಪಲಿಲ್ಲ, ಬೆಲೆ ಕೊಟ್ಟೇ ತಗೊಂಡರು. "ಅಲ್ಲಾಹನ ಮನೆಗೇ ಯತೀಮರ ಜಾಗ ಬಿಟ್ಟಿ ತಗೊಳ್ಳಲಿಲ್ಲ. ನಿಮ್ಮ ಫ್ಲಾಟ್ ಎಷ್ಟನೇ ಫ್ಲೋರು?" ಅಂತ ಕೇಳಿದರು. ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ.

ಭಾಭಿಗೆ ಗೊತ್ತಿತ್ತು

ಮನೆಗೆ ಹೋಗಿ ಎಲ್ಲರನ್ನೂ ಕೂರಿಸಿ ಆ ಮದುವೆ ಕಾರ್ಡ್ ಮುಂದಿಟ್ಟೆ. ಎರಡೂವರೆ ಲಕ್ಷ ತೆಗೆದದ್ದನ್ನೂ ಹೇಳಿದೆ. ಅಮ್ಮಿ "ಯಾ ಅಲ್ಲಾಹ್" ಅಂದರು. ಅಬ್ಬಾ ಕಿಟಕಿ ಕಡೆ ನೋಡಿದರು. ಭಾಭಿ ಹೊಲಿಗೆ ಮಷೀನಿನ ಪಕ್ಕ ನಿಂತಿದ್ದರು.

"ಗೊತ್ತಿತ್ತು ಭಾಯಿ" ಅಂದರು.

"ಫ್ಲಾಟಿನ ವಿಷಯನಾ?"

"ಅದಲ್ಲ. ಅದರಲ್ಲಿ ನಮ್ಮ ಪಾಲು ಇದೆ ಅಂತ. ಹೇಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ. ಕೇಳಿದ್ರೆ ತಿಂಗಳ ದುಡ್ಡು ನಿಂತು ಹೋಗುತ್ತೇನೋ ಅಂತ ಹೆದರಿಕೆ."

ಈ ಮೂರು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಕಷ್ಟದ ಮಾತು ಅದು. ನನ್ನ ಮೇಲೆ ಅವರಿಗೆ ಕೋಪ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಹೆದರಿಕೆ ಇತ್ತು.

ಮುಂದಿನ ವಾರ ಪರ್ಸನಲ್ ಲೋನ್ ತಗೊಂಡು ಎರಡೂವರೆ ಲಕ್ಷ ವಾಪಸ್ ತುಂಬಿದೆ. ಎಲ್ಲರ ಪಾಲು ಬೇರೆ ಬೇರೆ ಆಯ್ತು. ಮಕ್ಕಳ ಹೆಸರಿನಲ್ಲಿ ಎರಡು ಮೈನರ್ ಅಕೌಂಟು ತೆರೆದೆವು, ಭಾಭಿ ಜೊತೆಗಿದ್ದಾರೆ. ಹನ್ನೊಂದು ವರ್ಷದ ಮಗಳು ಆ ಕಾರ್ಡ್ ನೋಡಿ "ತಮ್ಮನಿಗೆ ಯಾಕೆ ಡಬಲ್?" ಅಂತ ಕೇಳಿದಳು. ಗಂಡಿನ ಮೇಲೆ ಮನೆ ನಡೆಸುವ ಜವಾಬ್ದಾರಿ ಇರುತ್ತೆ, ಹೆಣ್ಣಿನ ದುಡ್ಡು ಪೂರ್ತಿ ಅವಳದ್ದೇ, ಅದಕ್ಕೆ ಅಂತ ಶುರು ಮಾಡಿದೆ. ಹೊಲಿಗೆ ಹಾಕಿ ಮನೆ ನಡೆಸುತ್ತಿರುವ ತಾಯಿ ಎದುರಿಗೇ ಇದ್ದರು, ಮಾತು ಅರ್ಧಕ್ಕೆ ನಿಂತಿತು. ಅಮ್ಮಿ ಎದ್ದು ಬಂದು ತಮ್ಮ 1,20,000 ಪೂರ್ತಿ ಮೊಮ್ಮಗಳಿಗೆ ಅಂದರು. ಬದುಕಿರುವಾಗ ತಮ್ಮದನ್ನು ಯಾರಿಗೆ ಬೇಕಾದರೂ ಕೊಡಬಹುದು, ಅದಕ್ಕೆ ಹಿಬಾ ಅನ್ನುತ್ತಾರೆ. ಅವಳದ್ದೀಗ 2,50,000, ತಮ್ಮನದ್ದು 2,60,000. ಅಬ್ಬಾ ತಮ್ಮ ಪಾಲನ್ನು ಭಾಭಿಗೆ ಕೊಟ್ಟರು.

ಝಕಾತ್ ಪ್ರಶ್ನೆ ಬಾಕಿ ಇತ್ತಲ್ಲ. ನಮ್ಮ ಬಯಲುಸೀಮೆ ಕಡೆ ಹೆಚ್ಚಾಗಿ ಹನಫಿ ಪಂಥ, ಅದರ ಪ್ರಕಾರ ಚಿಕ್ಕ ಮಕ್ಕಳ ಉಳಿತಾಯಕ್ಕೆ ಝಕಾತ್ ಇಲ್ಲ. ಮಂಗಳೂರು, ಭಟ್ಕಳದ ಕಡೆ ಶಾಫಿ ಪಂಥ, ಅವರಲ್ಲಿ ಇದೆ, ಪೋಷಕನೇ ಮಗುವಿನ ದುಡ್ಡಿನಿಂದ ಕೊಡಬೇಕು. ಹಾಗಾಗಿಯೇ ಯತೀಮರ ದುಡ್ಡನ್ನು ಸುಮ್ಮನೆ ಇಟ್ಟು ಝಕಾತ್‌ನಲ್ಲಿ ಕರಗಲು ಬಿಡಬೇಡಿ, ವ್ಯಾಪಾರದಲ್ಲಿ ಹಾಕಿ ಬೆಳೆಸಿ ಅಂತ ಖಲೀಫ ಉಮರ್ ಹೇಳಿದ್ದರು. ಮಗುವಿನ ಲಾಭಕ್ಕೆ ಬೆಳೆಸೋದು ಬೇರೆ, ನಾನು ಮಾಡಿದ್ದು ಬೇರೆ.

ಸಾವಿರದ ನಾನೂರು ವರ್ಷದ ಹಿಂದಿನ ಆಡಿಟ್

ವಾಪಸ್ ಬಂದ ಮೇಲೆ ಅನ್ನಿಸಾ ಅಧ್ಯಾಯದ ಶುರುವಿನ ಭಾಗ ಕೂತು ಓದಿದೆ. ಕಣ್ಣೀರು ಬರಿಸುವ ಮಾತುಗಳಿರುತ್ತವೆ ಅಂದುಕೊಂಡಿದ್ದೆ. ಇದ್ದದ್ದು ಹೆಚ್ಚಾಗಿ ನಿಯಮಗಳು. ಯತೀಮರ ಒಳ್ಳೆಯ ವಸ್ತು ತೆಗೆದು ನಿಮ್ಮ ಕಳಪೆ ವಸ್ತು ಇಡಬೇಡಿ. ಅವರು ದೊಡ್ಡವರಾಗಿ ಕೇಳುವ ಮೊದಲೇ ಖರ್ಚು ಮಾಡಿ ಮುಗಿಸಲು ಆತುರಪಡಬೇಡಿ. ಪೋಷಕ ಅನುಕೂಲಸ್ಥನಾದರೆ ಏನೂ ತಗೊಳ್ಳಬಾರದು, ಬಡವನಾದರೆ ನ್ಯಾಯವಾದಷ್ಟು ಮಾತ್ರ. ದುಡ್ಡು ಒಪ್ಪಿಸುವಾಗ ಸಾಕ್ಷಿ ಇಟ್ಟುಕೊಳ್ಳಿ. ಯತೀಮರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆ ಅನ್ನುವ ಎಚ್ಚರಿಕೆ ಕೊನೆಗೆ.

ಒಂದು ನಿಯಮ ನನಗೆ ತುಂಬ ಹಿಡಿಸಿತು. ಪ್ರಾಯಕ್ಕೆ ಬರುವವರೆಗೆ ಯತೀಮರನ್ನು ಪರೀಕ್ಷಿಸುತ್ತಿರಿ, ತಿಳಿವಳಿಕೆ ಬಂದಿದೆ ಅಂತ ಕಂಡ ಮೇಲೆ ಸೊತ್ತು ಒಪ್ಪಿಸಿ. ನಾವು ಯಾವ ಕೋಡನ್ನೂ ನೇರವಾಗಿ ಪ್ರೊಡಕ್ಷನ್‌ಗೆ ಹಾಕೋದಿಲ್ಲವಲ್ಲ, ಹಾಗೆ. ಈಗ ದೊಡ್ಡವಳಿಗೆ ತಿಂಗಳಿಗೆ ಐನೂರು ರೂಪಾಯಿ ಕೈಗೆ. ಪುಸ್ತಕದಲ್ಲಿ ಲೆಕ್ಕ ಬರೆಯುತ್ತಾಳೆ. ಹೋದ ತಿಂಗಳು "ಗೋಬಿ 40, ಮತ್ತೆ ಗೋಬಿ 40" ಅಂತ ಇತ್ತು. ಪರವಾಗಿಲ್ಲ, ಲೆಕ್ಕ ಸರಿ ಇತ್ತು.

ಕಾನೂನು ತಿಳಿದ ಗೆಳೆಯನೊಬ್ಬ ಇನ್ನೊಂದು ಹೇಳಿದ. ನಮ್ಮ ದೇಶದಲ್ಲಿ ನಡೆಯುವ ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲೂ ತಂದೆ ಹೋದ ಮೇಲೆ ಮಕ್ಕಳ ಆಸ್ತಿಗೆ ಪೋಷಕ ಅಂದರೆ ತಂದೆ ನೇಮಿಸಿದವನು, ಇಲ್ಲದಿದ್ದರೆ ತಂದೆಯ ತಂದೆ. ಚಿಕ್ಕಪ್ಪ ತಾನಾಗಿ ಪೋಷಕ ಆಗೋದಿಲ್ಲ. ಬೇಕಾದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿನಿಂದ ನೇಮಕ ಆಗಬೇಕು. ಪಾಲು ಸೊನ್ನೆ, ಅಧಿಕಾರವೂ ಸೊನ್ನೆ. ಆದರೂ ಪಾಸ್‌ವರ್ಡ್ ನನ್ನ ಬಳಿ ಇತ್ತು.

ಅಬ್ಬಾನ ಮನೆ

ಇನ್ನೊಂದು ವಿಷಯ ಉಳಿದಿತ್ತು. ಇಮಾಮರು ಬೀಳ್ಕೊಡುವಾಗ ಮೆಲ್ಲಗೆ ಹೇಳಿದ್ದರು: "ನಿಮ್ಮ ಅಬ್ಬಾನ ಮನೆ ಬಗ್ಗೆಯೂ ಯೋಚಿಸಿ."

ಸುನ್ನಿ ಉತ್ತರಾಧಿಕಾರದಲ್ಲಿ ಹತ್ತಿರದವನು ದೂರದವನನ್ನು ತಡೆಯುತ್ತಾನೆ. ಮಗ ಬದುಕಿದ್ದರೆ, ಮೊದಲೇ ತೀರಿಹೋದ ಇನ್ನೊಬ್ಬ ಮಗನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲಿಲ್ಲ. ಅಂದರೆ ನಾಳೆ ಅಬ್ಬಾ ಹೋದರೆ ಮನೆ ಅಮ್ಮಿಗೆ, ನನಗೆ, ತಂಗಿಗೆ. ಅಣ್ಣ ಇದ್ದಿದ್ದರೆ ನನ್ನಷ್ಟೇ ಪಾಲು ಅವನಿಗೂ ಬರುತ್ತಿತ್ತು. ಈಗ ಅವನ ಮಕ್ಕಳಿಗೆ ಏನೂ ಇಲ್ಲ. ಕಟುವಾಗಿ ಹೇಳಬೇಕಂದರೆ, ಅಣ್ಣ ಸತ್ತದ್ದರಿಂದ ನನಗೆ ಲಾಭ.

ಈ ತೊಡಕನ್ನು ಮುಸ್ಲಿಂ ದೇಶಗಳೂ ಗುರುತಿಸಿವೆ. ಈಜಿಪ್ಟ್ 1946ರಲ್ಲಿ ಇಂಥ ಮೊಮ್ಮಕ್ಕಳಿಗೆ ಕಡ್ಡಾಯ ವಸಿಯತ್‌ನ ಕಾನೂನು ತಂದಿತು. ಪಾಕಿಸ್ತಾನ 1961ರಲ್ಲಿ ತಂದೆಯ ಪಾಲು ಮಕ್ಕಳಿಗೆ ಹೋಗುವಂತೆ ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ ದಾರಿ ಇದೆ. ವಾರಸುದಾರರಲ್ಲದವರಿಗೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯತ್ ಬರೆಯಬಹುದು, ಯಾರ ಒಪ್ಪಿಗೆಯೂ ಬೇಡ. ಪಾಲಿಲ್ಲದ ಮೊಮ್ಮಕ್ಕಳು ವಾರಸುದಾರರಲ್ಲವಲ್ಲ. ಬಾಗಿಲು ಮುಚ್ಚಿದ ನಿಯಮವೇ ಕಿಟಕಿ ತೆರೆದಿಟ್ಟಿದೆ. ತೊಂದರೆ ಏನೆಂದರೆ, ಅಜ್ಜ ಬದುಕಿರುವಾಗಲೇ ಬರೆಯಬೇಕು. ಬರೆಯಿರಿ ಅಂತ ಯಾರಾದರೂ ಹೇಳಬೇಕು. ಹೇಳಬೇಕಾದವನು ನಷ್ಟ ಆಗುವವನೇ.

ಬಕ್ರೀದಿಗೆ ಹೋದಾಗ ಹೇಳಿದೆ. ತೆಂಗಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು ಅಬ್ಬಾ.

"ಕಾಗದ ಯಾಕೆ, ನೀನು ನೋಡ್ಕೊಳ್ತೀಯಲ್ಲ" ಅಂದರು.

"ನಾನು ಹೋಗಿಬಿಟ್ರೆ, ಅಬ್ಬಾ? ಅಣ್ಣನೂ ತಾನೇ ನೋಡ್ಕೊಳ್ತೀನಿ ಅಂತಾನೇ ಅಂದ್ಕೊಂಡಿದ್ದ."

ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಬ್ಬ ಮಗನಿಗೆ ತಲೆಮೇಲೆ ಮಣ್ಣು ಹಾಕಿದೀನಿ. ಇನ್ನೊಬ್ಬನ ಬಾಯಲ್ಲಿ ಇಂಥ ಮಾತು ಕೇಳಿಸಬೇಡ" ಅಂದು ಎದ್ದು ಒಳಗೆ ಹೋದರು. ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿದರು. "ಬರೆಸಿದೆ. ಮೂರನೇ ಒಂದು ಭಾಗ, ಇಬ್ಬರು ಮಕ್ಕಳಿಗೂ ಸಮ. ಇಬ್ಬರ ಸಾಕ್ಷಿ ಹಾಕಿಸಿದೀನಿ. ಪೇಪರ್ ನಿನ್ನ ಭಾಭಿ ಹತ್ತಿರ ಇದೆ." ನನ್ನ ಹತ್ತಿರ ಅಲ್ಲ. ಸರಿಯಾಗೇ ಮಾಡಿದ್ದರು.

ಚಾಚಾ ಚಾಚಾನೇ

ಚಿಕ್ಕವನಿಗೆ ಈಗ ಏಳು. ಅವನ ಅಬ್ಬು ಅವನಿಗೆ ಅಷ್ಟಾಗಿ ನೆನಪಿಲ್ಲ. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಬಂದಿದ್ದಾಗ ಲಾಲ್‌ಬಾಗಿನಲ್ಲಿ ಓಡಿಬಂದು ನನ್ನನ್ನು "ಅಬ್ಬು" ಅಂತ ಕರೆದ. ಒಂದು ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಇಸ್ಲಾಮಿನಲ್ಲಿ ಇದಕ್ಕೂ ಒಂದು ಗೆರೆ ಇದೆ. ಪ್ರವಾದಿ ತಾವು ಸಾಕಿದ ಝೈದ್ ಎಂಬುವರನ್ನು ಮಗ ಅಂತ ಘೋಷಿಸಿದ್ದರು. ಜನ ಝೈದ್ ಬಿನ್ ಮುಹಮ್ಮದ್ ಅಂತಲೇ ಕರೆಯುತ್ತಿದ್ದರು. ಆಮೇಲೆ ಅಲ್ ಅಹ್‌ಝಾಬ್ ಅಧ್ಯಾಯದಲ್ಲಿ, ಸಾಕಿದವರನ್ನು ಅವರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಿರಿ ಅಂತ ಆಜ್ಞೆ ಬಂತು. ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಪ್ರೀತಿ ಕಮ್ಮಿಯಾಗಲಿಲ್ಲ, ಹೆಸರು ವಾಪಸ್ ಬಂತು. ಹೀಗೆ ಮಗುವಿನ ಗುರುತು ಉಳಿಸಿಕೊಂಡು ಪೂರ್ತಿ ಜವಾಬ್ದಾರಿ ಹೊರುವುದಕ್ಕೆ ಕಫಾಲಾ ಅನ್ನುತ್ತಾರೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯಲ್ಲಿ ಈ ಪದ ಹೆಸರು ಸಮೇತ ಇದೆ. ಕಾನೂನು ಪ್ರಕಾರ ದತ್ತು ತಗೊಳ್ಳಲೇಬೇಕು ಅನ್ನುವವರಿಗೆ ನಮ್ಮ ದೇಶದಲ್ಲಿ ಬಾಲನ್ಯಾಯ ಕಾಯ್ದೆಯ ದಾರಿಯೂ ಇದೆ. ಯಾವ ಧರ್ಮದವರಾದರೂ ಅದರಡಿ ದತ್ತು ಪಡೆಯಬಹುದು ಅಂತ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಅವನನ್ನು ಬೆಂಚಿನ ಮೇಲೆ ಕೂರಿಸಿ ಫೋನಿನಲ್ಲಿ ಅಣ್ಣನ ಫೋಟೋ ತೋರಿಸಿದೆ. ಅಂಗಡಿ ಮುಂದೆ, ಕೈ ತುಂಬ ಗ್ರೀಸು. "ಇವರು ಅಬ್ಬು. ನಾನು ಚಾಚಾ." ಅವನು ಝೂಮ್ ಮಾಡಿ ನೋಡಿದ. "ಅಬ್ಬುಗೆ ಕೈ ತೊಳ್ಕೊಳ್ಳೋಕೆ ಬರ್ತಿರ್ಲಿಲ್ವಾ?" ಅಂದ. ಇಬ್ಬರೂ ನಕ್ಕೆವು.

ಆಟೋಪೇ ನಿಲ್ಲಿಸಿದೆಯಾ?

ನಿಲ್ಲಿಸಿಲ್ಲ. ದೂರದ ಮಗುವಿಗೂ ಹಸಿವು ಇರುತ್ತದೆ. ಯತೀಮ್‌ಖಾನಾಗಳ ಬೆಲೆ ನನಗೆ ಗೊತ್ತು. 1921ರ ಮಲಬಾರ್ ದಂಗೆಯಲ್ಲಿ ತಬ್ಬಲಿಯಾದ ಮಕ್ಕಳಿಗಾಗಿ ಮರುವರ್ಷವೇ ಕಲ್ಲಿಕೋಟೆಯಲ್ಲಿ ಜೆಡಿಟಿ ಇಸ್ಲಾಂ ಅನಾಥಾಲಯ ಶುರುವಾಯಿತು, ಕಟ್ಟಿದವರು ಅಷ್ಟು ದೂರದ ಪಂಜಾಬಿನಿಂದ ಬಂದವರು. ಅದೇ ಜಿಲ್ಲೆಯ ಮುಕ್ಕಂ ಅನಾಥಾಲಯದಲ್ಲಿ ಬೆಳೆದ ಮುಹಮ್ಮದ್ ಅಲಿ ಶಿಹಾಬ್ ಐಎಎಸ್ ಅಧಿಕಾರಿಯಾಗಿ ನಾಗಾಲ್ಯಾಂಡಿಗೆ ಹೋದರು. ಆದರೆ ಇಮಾಮ್ ಶಾಫಿ, ಇಮಾಮ್ ಅಹ್ಮದ್ ಬಿನ್ ಹಂಬಲ್, ಇಮಾಮ್ ಬುಖಾರಿ, ಈ ಮೂವರೂ ಚಿಕ್ಕಂದಿನಲ್ಲೇ ತಂದೆ ಕಳೆದುಕೊಂಡವರು, ಮೂವರನ್ನೂ ಬೆಳೆಸಿದ್ದು ತಾಯಂದಿರು. ತಾಯಿಯ ಕೈಗೆ ಸ್ವಲ್ಪ ಬಲ ಕೊಟ್ಟರೆ ಎಷ್ಟೋ ಮಕ್ಕಳು ಮನೆಯಲ್ಲೇ ಬೆಳೆಯಬಹುದು. ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ, ಆದಾಯ ಮಿತಿಯೊಳಗೆ ಬರುವ ವಿಧವೆಯರ ಮಕ್ಕಳಿಗೂ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು. ನಮ್ಮಂಥವರು ದುಡ್ಡು ಕೊಡದಿದ್ದರೂ ಆ ಅರ್ಜಿ ತುಂಬಿಸಿ, ಜೊತೆಗೆ ಹೋಗಿ ಬಂದರೆ ಸಾಕು, ದೊಡ್ಡ ಉಪಕಾರ.

ಇನ್ನೊಂದು ಸಣ್ಣ ಮಾತು. ಅಲ್ ಫಜ್ರ್ ಅಧ್ಯಾಯ ಮಕ್ಕಾದ ಶ್ರೀಮಂತರನ್ನು ಬೈಯುವಾಗ, ನೀವು ಯತೀಮರನ್ನು ಗೌರವಿಸುವುದಿಲ್ಲ ಅನ್ನುತ್ತದೆ. ಉಣಿಸುವ ಮಾತು ಆಮೇಲೆ ಬರುತ್ತದೆ, ಗೌರವ ಮೊದಲು. ಬ್ಯಾಗು ಹಂಚಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್ ಹಾಕುವ ಮುಂಚೆ ಇದು ನೆನಪಿದ್ದರೆ ಒಳ್ಳೆಯದು. ನಮ್ಮ ಅಣ್ಣನ ಮಗಳು ಆ ಸಾಲಿನಲ್ಲಿ ನಿಂತಿದ್ದರೆ ಅಂತ ಒಮ್ಮೆ ಯೋಚಿಸಿದೆ, ಹೊಟ್ಟೆ ತೊಳಸಿತು.

ಇದನ್ನು ಓದುವವರು ಯಾವ ಧರ್ಮದವರೇ ಇರಿ, ನಿಮ್ಮ ಕುಟುಂಬದಲ್ಲೂ ತಂದೆ ಇಲ್ಲದ ಮಕ್ಕಳು ಇರಬಹುದು. ಅವರ ದುಡ್ಡು ನಿಮ್ಮ ಹತ್ತಿರವೋ, ನಿಮ್ಮ ಅಪ್ಪನ ಹತ್ತಿರವೋ "ಭದ್ರವಾಗಿ" ಇರಬಹುದು. ಪಾಲಿಸಿಯಲ್ಲಿ ನಾಮಿನಿ ಅಂತ ನಿಮ್ಮ ಹೆಸರು ಇರಬಹುದು. ವಿಮೆಯಲ್ಲಿ ನಾಮಿನಿ ಆದ ಮಾತ್ರಕ್ಕೆ ಮಾಲೀಕ ಅಲ್ಲ ಅಂತ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದೆ. ಆಮೇಲೆ 2015ರ ತಿದ್ದುಪಡಿಯಲ್ಲಿ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ದುಡ್ಡಿನ ಫಲಾನುಭವಿಗಳು ಅವರೇ ಅಂತ ಆಯಿತು, ತಮ್ಮನಿಗೆ ಆ ಮಾತು ಹೊಂದೋದಿಲ್ಲ. ಈ ಭಾನುವಾರ ಅರ್ಧ ಗಂಟೆ ಕೂತು ಒಂದು ಶೀಟ್ ತೆಗೆದು ಯಾರದ್ದು ಎಷ್ಟು ಅಂತ ಬರೆಯಿರಿ. ಬರೆದು ಆ ಮಕ್ಕಳ ತಾಯಿಗೆ ಕಳಿಸಿ. ಅವರು ಕೇಳುವವರೆಗೆ ಕಾಯಬೇಡಿ. ಅವರು ಕೇಳೋದಿಲ್ಲ.

ಹೋದ ವಾರ ತಿಂಗಳ ದುಡ್ಡು ಕಳಿಸಿದೆ, ಎಂದಿನಂತೆ. ಭಾಭಿಯಿಂದ ವಾಯ್ಸ್ ಮೆಸೇಜ್ ಬರಲಿಲ್ಲ. ಒಂದು ಥಂಬ್ಸ್ ಅಪ್ ಬಂತು, ಅದರ ಕೆಳಗೆ ಒಂದು ಸಾಲು: "ಭಾಯಿ, ಮುಂದಿನ ತಿಂಗಳಿಂದ ನಾಲ್ಕು ಸಾವಿರ ಸಾಕು. ಬ್ಲೌಸ್ ಆರ್ಡರ್ ಜಾಸ್ತಿ ಬರ್ತಿದೆ. ನಿಮ್ಮ ಲೋನ್ ಬೇಗ ತೀರಿಸಿಕೊಳ್ಳಿ."